ಆರು ಪಟ್ಟಿ, ಒಂದು ನಾಡಿ

ದಿನಾ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಬಲಗೈ ಮೇಲೆ ಆರು ಜನ ವಿಜ್ಞಾನಿಗಳು ಕೂರುತ್ತಿದ್ದರು. ಮಣಿಕಟ್ಟಿನ ಹತ್ತಿರ ನಿರ್ದೇಶಕರಾದ ಡಾ. ಶ್ರೀಪಾದ ಗಲಗಲಿ, ಅವರ ಹಿಂದೆ ಇಬ್ಬರು ಹಿರಿಯರು, ಆಮೇಲೆ ಪಿಎಚ್.ಡಿ. ಮಾಡುವ ಮೂವರು. ಹೀಗೆ ಮೊಣಕೈವರೆಗೆ ಸಾಲಾಗಿ ಆರು ಪಟ್ಟಿಗಳು. ಕೆಲಸ ಮಾಡುತ್ತಿದ್ದ ಕೈ ಮಾತ್ರ ನನ್ನದು, ಗಿರಿಜಾ ಸುಣಗಾರಳದು. ನನ್ನ ಹೆಸರಿನ ಪಟ್ಟಿ ಅದರಲ್ಲಿ ಒಂದೂ ಇರಲಿಲ್ಲ.

ಪಟ್ಟಿ ಎಂದರೆ ಪಾಲುಪಟ್ಟಿ. ಅದು ಇಲ್ಲದ ಕಾಲ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಹಿಂದೆ ಸಂಶೋಧನಾ ಲೇಖನ ಅಚ್ಚಾಗುವಾಗ ಯಾರ ಹೆಸರು ಮೊದಲು ಬರಬೇಕು, ಯಾರದು ಬರಲೇಬಾರದು ಎಂಬುದನ್ನು ದೊಡ್ಡವರು ನಿರ್ಧರಿಸುತ್ತಿದ್ದರು. ಪ್ರಯೋಗಾಲಯದ ಬಾಗಿಲು ಎಲ್ಲಿದೆ ಎಂದು ಗೊತ್ತಿಲ್ಲದವರ ಹೆಸರೂ ಬರುತ್ತಿತ್ತು. ಜಗಳ ಕೋರ್ಟು ಹತ್ತಿದ ಮೇಲೆ ಜಗತ್ತಿನ ಪತ್ರಿಕೆಗಳೆಲ್ಲ ಸೇರಿ ಒಂದು ಕಟ್ಟಳೆ ಮಾಡಿದವು. ಸಂಶೋಧಕರೆಲ್ಲ ಕೈಗೆ ಪಟ್ಟಿ ಕಟ್ಟಬೇಕು. ಅದು ಕೈಯ ಚಲನೆ, ಮುಟ್ಟಿದ ಉಪಕರಣ, ಕಳೆದ ಹೊತ್ತು, ಸಭೆಯಲ್ಲಿ ಆಡಿದ ಮಾತು ಎಲ್ಲವನ್ನೂ ಬರೆದುಕೊಳ್ಳುತ್ತದೆ. ಲೇಖನ ಮುಗಿದಾಗ ಗೋಡೆಯ ಪರದೆಯ ಮೇಲೆ ಯಾರ ಪಾಲು ಶೇಕಡಾ ಎಷ್ಟು ಎಂದು ತೋರಿಸುತ್ತದೆ. ಆ ಪಾಲುಪತ್ರ ಇಲ್ಲದೆ ಯಾರೂ ಅಚ್ಚು ಹಾಕುವುದಿಲ್ಲ. ಕೊನೆಗೂ ನ್ಯಾಯ ಬಂತು ಎಂದು ಎಲ್ಲರೂ ಬರೆದರು. ಸುಳ್ಳೇಕೆ, ನಾನೂ ಓದಿ ಸಂತೋಷಪಟ್ಟಿದ್ದೆ.

ಆದರೆ ಪಟ್ಟಿ ಕೊಟ್ಟದ್ದು ಸಂಶೋಧಕರಿಗೆ ಮಾತ್ರ. ನಾನು ಸಹಾಯಕ ಸಿಬ್ಬಂದಿ, ಸಂಖ್ಯೆ ಹದಿನಾಲ್ಕು. ಗಾಜಿನ ಸಾಮಾನು ತೊಳೆಯುವುದು, ನೆಲ ಒರೆಸುವುದು, ಸಂಜೆ ಎಲ್ಲರ ಪಟ್ಟಿಗಳನ್ನು ಟ್ರೇಯಲ್ಲಿಟ್ಟು ಚಾರ್ಜಿಗೆ ಹಾಕುವುದು ನನ್ನ ಕೆಲಸ ಎಂದು ನೇಮಕದ ಕಾಗದದಲ್ಲಿದೆ.

ಧಾರವಾಡದ ಹೊರವಲಯದ ನಮ್ಮ ಸಂಶೋಧನಾಲಯದಲ್ಲಿ ಸುಟ್ಟಗಾಯದವರಿಗಾಗಿ ಚರ್ಮ ಬೆಳೆಸುತ್ತಾರೆ. ರೋಗಿಯ ಕಿವಿ ಹಿಂದಿನಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದು, ಅದರ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಹರಡಿ, ಮೈಬಿಸಿಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿಟ್ಟು ಸಾಕಬೇಕು. ಹದಿನೆಂಟು ದಿನಕ್ಕೆ ಹಾಲಿನ ಕೆನೆಯಂಥ ಪದರ ಮೂಡುತ್ತದೆ. ದಿನಕ್ಕೆ ಎರಡು ಸಲ ಅದರ ಆಹಾರದ ದ್ರವ ಬದಲಿಸಬೇಕು, ಹೊತ್ತು ತಪ್ಪಬಾರದು. ವಿಜ್ಞಾನಿಗಳಿಗೆ ಚಾದ ಹೊತ್ತೂ ತಪ್ಪಬಾರದು. ಎಲ್ಲ ಶುರುವಾದದ್ದು ಅಲ್ಲಿಂದಲೇ. ಪಿಎಚ್.ಡಿ. ಹುಡುಗನೊಬ್ಬ ತನ್ನ ಪಟ್ಟಿ ಬಿಚ್ಚಿ ಕೊಟ್ಟ.

"ಅಕ್ಕಾ, ಒಂದೈದು ನಿಮಿಷ ಇದನ್ನ ಕಟ್ಕೋರಿ. ದ್ರವಾ ಬದಲು ಮಾಡಿಬಿಡ್ರಿ. ಚಾ ಕುಡದು ಬಂದೆ."

ಐದು ನಿಮಿಷ ಒಂದು ಗಂಟೆಯಾಯಿತು, ಗಂಟೆ ದಿನವಾಯಿತು. ಒಬ್ಬರು ಕೊಟ್ಟದ್ದನ್ನು ನೋಡಿ ಇನ್ನೊಬ್ಬರು ಕೊಟ್ಟರು. ಹೊಸದಾಗಿ ಬಂದ ಹುಡುಗರು ಇದೂ ಇಲ್ಲಿನ ಪದ್ಧತಿ ಎಂದು ತಿಳಿದರು. ಒಂದು ದಿನ ಗಲಗಲಿ ಸರ್ ತಾವೇ ಬಂದು ತಮ್ಮ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟರು.

"ಗಿರಿಜಾ, ನಾ ದಿಲ್ಲಿಗೆ ಹೊಂಟೀನಿ. ನನ್ನ ಪಾಲು ಖಾಲಿ ಬೀಳಬಾರದು ನೋಡು."

ಊರಿಗೆ ಹೋಗುವವರು ಪಕ್ಕದ ಮನೆಗೆ ಕೀಲಿ ಕೊಟ್ಟು ಗಿಡಕ್ಕೆ ನೀರು ಹಾಕಿ ಎನ್ನುತ್ತಾರಲ್ಲ, ಅಷ್ಟು ಸಹಜವಾಗಿ ಹೇಳಿದರು. ದಿಲ್ಲಿಯಿಂದ ಬಂದ ಮೇಲೂ ಆ ಪಟ್ಟಿಯನ್ನು ವಾಪಸು ಕೇಳಿದ್ದು ಸಭೆಯ ದಿನಗಳಲ್ಲಿ ಮಾತ್ರ.

ನೀನೇಕೆ ಕಟ್ಟಿಕೊಂಡೆ ಎಂದು ನೀವು ಕೇಳಬಹುದು. ಜೀವಕೋಶ ಸಾಕುವ ಆ ಒಳಕೋಣೆಯ ಬಾಗಿಲು ಪಟ್ಟಿ ತೋರಿಸಿದರೆ ಮಾತ್ರ ತೆರೆಯುತ್ತದೆ. ಬಿ.ಎಸ್ಸಿ. ಎರಡನೆಯ ವರ್ಷಕ್ಕೆ ಓದು ಬಿಟ್ಟು ಮದುವೆಯಾದವಳು ನಾನು. ಪುಸ್ತಕದಲ್ಲಿ ಚಿತ್ರವಾಗಿ ನೋಡಿದ ಜೀವಕೋಶ ಸೂಕ್ಷ್ಮದರ್ಶಕದ ಕೆಳಗೆ ಎರಡಾಗಿ ಒಡೆಯುವುದನ್ನು ಮೊದಲ ಸಲ ಕಂಡ ದಿನ ನನಗೆ ಅಳು ಬಂದಿತ್ತು. ಆ ಕೋಣೆಯೊಳಗೆ ಇರಬೇಕು ಅನಿಸಿತ್ತು. ಯಾರ ಹೆಸರಿನಲ್ಲಾದರೂ ಸರಿ, ಇದ್ದರೆ ಸಾಕು ಅನಿಸಿತ್ತು. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಎರಡು ವರ್ಷ ಕಳೆದ ಮೇಲೆ ಒಂದು ಗುಟ್ಟು ಗೊತ್ತಾಯಿತು. ಮಣಿಕಟ್ಟಿಗೆ ಹತ್ತಿರವಿರುವ ಪಟ್ಟಿಗೆ ಬೆರಳಿನ ಚಲನೆ ಚೆನ್ನಾಗಿ ಸಿಗುತ್ತದೆ, ಆದ್ದರಿಂದ ಪಾಲು ಹೆಚ್ಚು. ಮೊಣಕೈ ಹತ್ತಿರದ್ದಕ್ಕೆ ಕಡಿಮೆ. ದರ್ಜೆ ನೋಡಿ ನಾನು ಗಲಗಲಿ ಸರ್ ಪಟ್ಟಿಯನ್ನು ಮೊದಲು ಕಟ್ಟಿಕೊಳ್ಳುತ್ತಿದ್ದೆ, ಹೀಗಾಗಿ ಅವರೇ ಪ್ರತಿ ಲೇಖನದ ಮೊದಲ ಲೇಖಕರು. ಜಗತ್ತಿನ ಅತಿ ನ್ಯಾಯವಂತ ಯಂತ್ರ ನನ್ನ ತೋಳಿನ ಮೇಲೆ ಯಾರು ಎಲ್ಲಿ ಕೂತಿದ್ದಾರೆ ಎಂಬುದನ್ನು ಅಳೆಯುತ್ತಿತ್ತು. ಒಬ್ಬ ಪುಣ್ಯಾತ್ಮ ನನ್ನನ್ನು "ಏ, ಬಾ ಇಲ್ಲೆ" ಎಂದು ಕರೆಯುತ್ತಿದ್ದ. ಮೂರು ತಿಂಗಳು ಅವನ ಪಟ್ಟಿಯನ್ನು ಮೊಣಕೈ ದಾಟಿಸಿದೆ. ಅವನ ಪಾಲು ಶೇಕಡಾ ಎರಡಕ್ಕೆ ಇಳಿಯಿತು. ಯಂತ್ರ ಕೆಟ್ಟಿದೆ ಎಂದು ಅವನು ಅರ್ಜಿ ಬರೆದ. ನಾನು ಗಾಜು ತೊಳೆಯುತ್ತ ನಕ್ಕೆ.

ಇನ್ನೊಂದು ಮಾತು. ಪಟ್ಟಿ ನಾಡಿಯನ್ನೂ ಓದುತ್ತದೆ. ಬೆರಳಚ್ಚಿನ ಹಾಗೆ ಒಬ್ಬರ ನಾಡಿಯ ಲಯ ಇನ್ನೊಬ್ಬರಿಗಿಲ್ಲ. ಆದರೆ ನಾಡಿ ನಮ್ಮ ಖಾಸಗಿ ವಿಷಯ ಎಂದು ವಿಜ್ಞಾನಿಗಳು ತಕರಾರು ತೆಗೆದದ್ದರಿಂದ ಅದನ್ನು ದಾಖಲು ಮಾಡಿ ಮುಚ್ಚಿಡುತ್ತಾರೆ. ಲೇಖನದಲ್ಲಿ ಪಾಲಿರುವವರು ಯಾರಾದರೂ ಕೇಳಿದರೆ ಮಾತ್ರ ತೆರೆಯುತ್ತಾರೆ. ನಮ್ಮಲ್ಲಿ ಯಾರೂ ಕೇಳಿರಲಿಲ್ಲ, ಕೇಳುವ ಅಗತ್ಯ ಯಾರಿಗಿತ್ತು.

ನಮ್ಮನ್ನು ಕಾಡುತ್ತಿದ್ದ ತೊಂದರೆ ಪದರ ಎತ್ತುವುದು. ತಟ್ಟೆಯನ್ನು ಪೂರ್ತಿ ತಣ್ಣಗೆ ಮಾಡಿದರೆ ಪದರ ಗಾಜನ್ನು ಬಿಡುತ್ತದೆ, ಆದರೆ ಎಲ್ಲ ಕಡೆ ಒಮ್ಮೆಲೇ ಬಿಟ್ಟು ಮುದುಡುತ್ತದೆ. ಚಿಮಟ ಹಾಕಿದರೆ ಹರಿಯುತ್ತದೆ. ನಾಲ್ಕರಲ್ಲಿ ಮೂರು ಹಾಳಾಗುತ್ತಿದ್ದವು. ಒಂದು ಮಧ್ಯಾಹ್ನ ನಾನು ಒಂದು ಒದ್ದೆ ಬಟ್ಟೆ ಮಡಿಸಿ ತಟ್ಟೆಯ ಒಂದೇ ಅಂಚಿನ ಕೆಳಗಿಟ್ಟೆ. ಪಕ್ಕದಲ್ಲಿ ತಬಸ್ಸುಮ್ ನದಾಫ್ ಇದ್ದಳು, ಮೂರನೆಯ ವರ್ಷದ ಪಿಎಚ್.ಡಿ. ಹುಡುಗಿ.

"ಅಕ್ಕಾ, ಅದೇನ್ ಮಾಡಾಕತ್ತೀರಿ?"

"ರೊಟ್ಟಿ ಎತ್ತಾಕತ್ತೀನಿ. ಸುಮ್ಕಿರು."

ಜೋಳದ ರೊಟ್ಟಿ ಬಡಿದವರಿಗೆ ಇದು ಗೊತ್ತು. ನಡುವಿಗೆ ಕೈ ಹಾಕಿದರೆ ಹರಿಯುತ್ತದೆ. ಒಂದು ಅಂಚು ತಾನಾಗಿ ಬಿಡುವವರೆಗೆ ಕಾದು, ಆ ಅಂಚಿನಿಂದಲೇ ಹೋಗಬೇಕು. ಬಟ್ಟೆಯ ತಂಪು ಒಂದು ಬದಿಯಿಂದ ನಿಧಾನಕ್ಕೆ ಹರಡಿತು. ಪದರದ ಅಂಚು ಎದ್ದಿತು. ನಾನು ತಟ್ಟೆಯನ್ನು ತುಸು ಓರೆ ಮಾಡಿದೆ. ಅಷ್ಟೂ ಪದರ ಒಂದು ತೂತಿಲ್ಲದೆ ಜಾರಿ, ಪಕ್ಕದಲ್ಲಿಟ್ಟ ಬಲೆಯಂಥ ಜಾಳಿಗೆಯ ಮೇಲೆ ಬಂತು.

ತಬಸ್ಸುಮ್ ಬಗ್ಗಿ ಪದರದ ನಾಲ್ಕೂ ಅಂಚು ನೋಡಿದಳು. ಆಮೇಲೆ "ಯಾಕ ಬಂತು?" ಎಂದಳು. ಅಲ್ಲಿಂದ ನಾಲ್ಕು ತಿಂಗಳು ಆ 'ಯಾಕ' ನನ್ನ ಬೆನ್ನು ಬಿಡಲಿಲ್ಲ. ಗಾಜು ತೊಳೆಯುವ ತೊಟ್ಟಿಯ ಹತ್ತಿರ ನಿಂತು ಕೇಳುವಳು, ಊಟದ ಡಬ್ಬಿ ಬಿಚ್ಚುವಾಗ ಕೇಳುವಳು. ಬಟ್ಟೆ ಎಷ್ಟು ಒದ್ದೆ, ಅಂಚಿಗೂ ನಡುವಿಗೂ ಬಿಸಿಯ ವ್ಯತ್ಯಾಸ ಎಷ್ಟು, ಎತ್ತಿದ ಮೇಲೆ ಎಷ್ಟು ಕೋಶ ಬದುಕಿವೆ. ಇನ್ನೂರು ತಟ್ಟೆ ನಾನು ಎತ್ತಿದೆ, ಇನ್ನೂರನ್ನೂ ಅವಳು ನೋಡಿ ಬರೆದಳು. ಅವಳು ಕೇಳದಿದ್ದರೆ ಅದು ನನ್ನ ಕೈಚಳಕವಾಗಿ ಉಳಿದು ನನ್ನ ಜೊತೆಗೇ ಹೋಗುತ್ತಿತ್ತು.

ಲೇಖನವನ್ನು ಕೊನೆಗೆ ತಿದ್ದಿದ್ದು ಗಲಗಲಿ ಸರ್. "ಒದ್ದಿ ಅರಿಬಿ ಅಂತ ಬರದ್ರ ಹೊರಗಿನವರು ನಗ್ತಾರ" ಎಂದು ಬಟ್ಟೆಯ ಮಾತನ್ನು ಹೊಡೆದು ಹಾಕಿ 'ನಿಯಂತ್ರಿತ ತಣಿಸುವಿಕೆ' ಎಂದು ಬರೆದರು. ಅಂಚಿನ ಮಾತೂ ಅದರ ಜೊತೆಗೇ ಹೋಯಿತು. ತಬಸ್ಸುಮ್ ಬೇಡವೆಂದಳು, ಅವರು ಕೇಳಲಿಲ್ಲ.

ಪಾಲು ಮೂಡುವ ದಿನ ಎಲ್ಲರೂ ಪರದೆಯ ಮುಂದೆ ಪೇಢೆ ಹಿಡಿದು ನಿಂತಿದ್ದರು. ಗಲಗಲಿ 46.20. ಇಬ್ಬರು ಹಿರಿಯರು 19.75, 13.10. ತಬಸ್ಸುಮ್ 12.45. ಉಳಿದಿಬ್ಬರು 5.30, 3.20. ಡಿಗ್ರಿಗೆ ಕನಿಷ್ಠ ಹತ್ತು ಬೇಕು, ಆದ್ದರಿಂದ ತಬಸ್ಸುಮ್ ಪಾರಾಗಿದ್ದಳು. ಚಪ್ಪಾಳೆ ತಟ್ಟಿದರು. ಪೇಢೆ ನನಗೂ ಒಂದು ಕೊಟ್ಟರು. ಹನ್ನೊಂದು ವರ್ಷ ಇಂಥ ಪೇಢೆ ತಿಂದಿದ್ದೆ, ಅವತ್ತಿನದನ್ನು ತೊಟ್ಟಿಯ ಪಕ್ಕ ಇಟ್ಟುಬಿಟ್ಟೆ. ಸಿಟ್ಟು ಬಂದಿತ್ತು. ಆ ಪದರ ನನ್ನದು, ಅದನ್ನು ಎತ್ತುವ ರೀತಿ ನನ್ನದು, ಅದರ ಮೇಲೆ ನನ್ನ ಹೆಸರು ಬೇಕು ಎಂದು ನನಗೆ ಮೊದಲ ಸಲ ಸ್ಪಷ್ಟವಾಗಿ ಅನಿಸಿತು.

ಮನೆಗೆ ಬಂದು ಹೇಳಿದೆ. ನಮ್ಮ ಯಜಮಾನರು, ಸಿದ್ಧಾರೂಢ, ವಿದ್ಯುತ್ ಕಂಪನಿಯಲ್ಲಿ ಲೈನ್‌ಮನ್. ಯಾವ ತಂತಿ ಮುಟ್ಟಬಾರದು ಎಂಬುದೇ ಅವರ ಜೀವನದ ಪಾಠ.

"ಸುಮ್ನಿದ್ದು ಬಿಡು," ಎಂದರು. "ಪಟ್ಟಿ ಕಟ್ಕೊಂಡಾಕಿ ನೀನ. ಕೇಸ್ ಆದ್ರ ಮೊದಲ ನಿನ್ನನ್ನ ಹಿಡೀತಾರ."

ಅತ್ತೆ ನಿಂಗವ್ವ ಒಲೆ ಮುಂದಿದ್ದರು. ಎಪ್ಪತ್ತಾರು ವಯಸ್ಸು, ಇನ್ನೂ ದಿನಕ್ಕೆ ಮೂವತ್ತು ರೊಟ್ಟಿ ಬಡಿಯುತ್ತಾರೆ. ತಿರುಗಿ ನೋಡದೆ ಕೇಳಿದರು.

"ಆ ಪುಸ್ತಕದಾಗ ಬರದಂಗ ಮಾಡಿದ್ರ ಪದರು ಏಳ್ತೈತೇನು?"

"ಇಲ್ರಿ ಅತ್ತಿ. ಹರೀತೈತಿ."

"ಹರದ್ರ ಯಾರನ್ನ ಕೇಳ್ತಾರ?"

"ಗಲಗಲಿ ಸಾಹೇಬ್ರನ್ನ. ಅವರ ಹೆಸರ ಮೊದಲ ಐತಿ."

"ಅವಗ ಗೊತ್ತೈತೇನು?"

"ಇಲ್ಲ."

"ಹಂಗಾದ್ರ ಅವನ ಹೆಸರು ಹಾಕಿ ಏನು ಉಪಯೋಗ?" ಎಂದು ರೊಟ್ಟಿಯನ್ನು ಹೆಂಚಿಗೆ ಹಾಕಿದರು.

ಯಜಮಾನರು ತಾಟು ಮುಂದಕ್ಕೆ ಎಳೆದುಕೊಂಡರು. ನನಗೂ ಅಲ್ಲಿಯವರೆಗೆ ಹೆಸರು ಎಂದರೆ ಮರ್ಯಾದೆಯ ವಿಷಯ ಅನಿಸಿತ್ತು. ಬೇರೆ ಊರಿನ ಆಸ್ಪತ್ರೆಯಲ್ಲಿ ಯಾರೋ ಆ ಲೇಖನ ನಂಬಿ ತಟ್ಟೆಯನ್ನು ಪೂರ್ತಿ ತಣಿಸುತ್ತಾರೆ, ಸುಟ್ಟ ಮಗುವಿನ ಹದಿನೆಂಟು ದಿನದ ಚರ್ಮ ಚಿಮಟದಲ್ಲಿ ಹರಿಯುತ್ತದೆ, ಅವರಿಗೆ ಕೇಳಲು ಸರಿಯಾದ ಹೆಸರು ಸಿಗುವುದಿಲ್ಲ. ಆ ರಾತ್ರಿಯ ಊಟ ಮುಗಿಯುವಷ್ಟರಲ್ಲಿ ನಾನು ನಿರ್ಧಾರ ಮಾಡಿಯಾಗಿತ್ತು. ಮರುದಿನದಿಂದ ಯಾರ ಪಟ್ಟಿಯನ್ನೂ ಕಟ್ಟಿಕೊಳ್ಳಲಿಲ್ಲ.

ಒಳಕೋಣೆಯಲ್ಲಿ ಗೊಂದಲ ಎದ್ದಿತು. ಚಾ ಆರಿತು. ವಾರ ಕಳೆಯುವಷ್ಟರಲ್ಲಿ ಗಲಗಲಿ ಸರ್ ಕರೆಸಿದರು. ಪತ್ರಿಕೆಯವರು ಕೈಸಾಕ್ಷಿ ಕೇಳಿದ್ದರು. ದೊಡ್ಡ ಸಂಶೋಧನೆಯಾದರೆ, ಅತಿ ಹೆಚ್ಚು ಪಾಲಿನವರು ಕ್ಯಾಮೆರಾ ಎದುರು ಒಮ್ಮೆ ಮಾಡಿ ತೋರಿಸಬೇಕು.

"ಕ್ಯಾಮೆರಾಕ್ಕ ಕೈ ಅಷ್ಟ ಕಾಣ್ತದ," ಎಂದರು ಅವರು, ಕುರ್ಚಿ ತೋರಿಸದೆ. "ಕೈಗವಸು ಇರ್ತದ. ನನ್ನ ಪಟ್ಟಿ ನೀ ಕಟ್ಕೋ. ನಾ ಬಾಜೂಕ ನಿಂತು ಮಾತಾಡ್ತೀನಿ, ನೀ ಎತ್ತು. ಮುಗೀತು."

"ನನ್ನ ಹೆಸರು ಎಲ್ಲೆ ಬರ್ತೈತ್ರಿ ಸರ್?"

"ಕೊನೀಗೆ ಕೃತಜ್ಞತೆ ಅಂತ ಒಂದು ಸಾಲು ಇರ್ತದಲ್ಲ. ಅಲ್ಲೆ ಹಾಕೋಣು. ಸಹಾಯಕ ಸಿಬ್ಬಂದಿಗೆ ಅಂತ."

"ಆಗೂದಿಲ್ರಿ."

ಅವರು ಕನ್ನಡಕ ತೆಗೆದರು. "ಬೇರೆಯವರ ಪಟ್ಟಿ ಕಟ್ಕೊಳ್ಳೋದು ಅಪರಾಧ. ಗೊತ್ತದ ಏನು?"

"ಗೊತ್ತೈತ್ರಿ. ಕೊಡೂದು?"

ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ ದನಿ ಮೆತ್ತಗೆ ಮಾಡಿದರು. "ಹುಬ್ಬಳ್ಳಿ ಆಸ್ಪತ್ರ್ಯಾಗ ಒಂಬತ್ತು ವರ್ಷದ ಹುಡುಗಿ ಸುಟ್ಟು ಮಲಗ್ಯಾಳ. ನಿನ್ನ ಹಟದಾಗ ಆಕಿ ಚರ್ಮ ನಿಂತ್ರ?"

ಇದನ್ನು ಹೇಳಬಾರದಿತ್ತು. ನನಗೆ ಸಿಟ್ಟು ಬಂತು.

"ಆಕಿ ಚರ್ಮ ಇವತ್ತ ಮುಂಜಾನೆ ಎಂಟಕ್ಕ ಎತ್ತಿ ಕಳಿಸೀನ್ರಿ. ಕೈಗೆ ಯಾರ ಪಟ್ಟೀನೂ ಇರಲಿಲ್ಲ. ತಬಸ್ಸುಮ್ ಬಾಗಿಲಾ ತಗದ್ಲು, ನಾ ಎತ್ತಿದೆ. ರೋಗಿ ಕೆಲಸ ಎಂದೂ ನಿಂತಿಲ್ಲ, ನಿಲ್ಲೂದೂ ಇಲ್ಲ. ನಿಂತಿದ್ದು ನಿಮ್ಮ ಕೆಲಸ ಅಷ್ಟ."

ಬಾಗಿಲು ಮುಚ್ಚಿ ಬಂದೆ. ಹೊರಗೆ ಮೆಟ್ಟಿಲ ಮೇಲೆ ಕೂತೆ. ತಬಸ್ಸುಮ್ ಬಂದು ಪಕ್ಕ ಕೂತಳು. ಎಲ್ಲ ಕೇಳಿ, ತನ್ನ ಕೈಯ ಪಟ್ಟಿಯನ್ನೇ ನೋಡುತ್ತ ಹೇಳಿದಳು.

"ಅಕ್ಕಾ, ನಾನೂ ಕೊಟ್ಟೀನಿ. ನನ್ನ ಹನ್ನೆರಡರಾಗೂ ನಿಮ್ಮ ಕೈ ಐತಿ."

"ಐತಿ," ಎಂದೆ. ಸುಳ್ಳು ಹೇಳಿ ಸಮಾಧಾನ ಮಾಡುವ ಮನಸ್ಸು ನನಗಿರಲಿಲ್ಲ. ಅವಳೂ ಅದನ್ನು ಕೇಳಲಿಲ್ಲ.

ಕೈಸಾಕ್ಷಿಯ ದಿನ ಒಳಕೋಣೆಯ ಗೋಡೆಯ ಮೇಲೆ ಮೂವರು ಪರೀಕ್ಷಕರ ಮುಖ ಮೂಡಿತು. ನಡುವಿನವರು ಬಿಳಿ ಕೂದಲಿನ ಹೆಂಗಸು. ಅವರ ಮಾತನ್ನು ಯಂತ್ರ ಕನ್ನಡಕ್ಕೆ ತಿರುಗಿಸಿ ಹೇಳುತ್ತಿತ್ತು, ಕನ್ನಡ ಸ್ವಲ್ಪ ಒಣಗಿದ ಹಾಗಿತ್ತು. ಕೆಳಗೊಂದು ಸಣ್ಣ ಚೌಕದಲ್ಲಿ ಆ ಕ್ಷಣ ಯಾರ ಪಾಲು ಏರುತ್ತಿದೆ ಎಂದು ಕಾಣುತ್ತಿತ್ತು. ನಾನು ಗಾಜಿನ ಗೋಡೆಯ ಈಚೆ ತೊಟ್ಟಿಯ ಹತ್ತಿರ ನಿಂತಿದ್ದೆ.

ಗಲಗಲಿ ಸರ್ ತಮ್ಮ ಪಟ್ಟಿಯನ್ನು ತಮ್ಮ ಕೈಗೇ ಕಟ್ಟಿಕೊಂಡಿದ್ದರು. ಎಷ್ಟೋ ವರ್ಷಗಳ ಮೇಲೆ ಅದು ಒಡೆಯನ ಮನೆಗೆ ಹೋಗಿತ್ತು. ತಾವು ಬರೆದಂತೆಯೇ ತಟ್ಟೆಯನ್ನು ಪೂರ್ತಿ ತಣಿಸಿ ಚಿಮಟ ಹಾಕಿದರು. ಪದರ ನಡುವೆ ಹರಿಯಿತು. ಎರಡನೆಯ ತಟ್ಟೆ ತಂದರು, ಅದೂ ಹರಿಯಿತು. ಪಾಲಿನ ಚೌಕದಲ್ಲಿ ಮಾತ್ರ ಅವರ ಅಂಕಿ ಏರುತ್ತಲೇ ಇತ್ತು, ಏಕೆಂದರೆ ಹರಿದರೂ ಕೈ ಕೈಯೇ.

"ಇವತ್ತು ಹವಾಮಾನ ಸರಿಯಿಲ್ಲ," ಎಂದರು ಅವರು.

"ಈ ಕೋಣೆಗೆ ಹವಾಮಾನ ಇದೆಯೇ?" ಎಂದು ಆ ಹೆಂಗಸು ಕೇಳಿದರು. "ಲೇಖನದ ಪ್ರಕಾರ ಇನ್ನೂರರಲ್ಲಿ ನೂರಾ ತೊಂಬತ್ತೊಂದು ಸರಿಯಾಗಿ ಎದ್ದಿವೆ. ಅವನ್ನು ಎತ್ತಿದವರು ಯಾರು?"

ಗಲಗಲಿ ಸರ್ ಪೆಟ್ಟಿಗೆಯ ಕಡೆ ತಿರುಗಿದರು. ಮೂರನೆಯ ತಟ್ಟೆ ಪೆಟ್ಟಿಗೆಯಲ್ಲಿತ್ತು. ರೋಗಿಗಳ ತಟ್ಟೆಗಳ ಜೊತೆ ಅದನ್ನೂ ಹದಿನೆಂಟು ದಿನ ಸಾಕಿದವಳು ನಾನು, ಅದೂ ಹರಿಯುವುದನ್ನು ನೋಡುತ್ತ ನಿಲ್ಲಲು ನನಗಾಗಲಿಲ್ಲ. ಕೈ ತೊಳೆದೆ. ಗಾಜಿಗೆ ಬೆರಳಿನಿಂದ ತಟ್ಟಿದೆ. ತಬಸ್ಸುಮ್ ತಿರುಗಿ ನೋಡಿ, ಬಂದು, ತನ್ನ ಪಟ್ಟಿಯನ್ನು ಬಾಗಿಲಿಗೆ ಹಿಡಿದಳು.

ಒಳಗೆ ಹೋಗಿ ಗೌನು, ಕೈಗವಸು ಹಾಕಿಕೊಂಡೆ. ಗೌನಿನ ಬಲತೋಳನ್ನು ಬೇಕೆಂದೇ ಮೊಣಕೈವರೆಗೆ ಮಡಚಿದೆ, ಕೈ ಬರಿದಾಗಿದೆ ಎಂದು ಎಲ್ಲರಿಗೂ ಕಾಣಲಿ ಎಂದು. "ಗಿರಿಜಾ, ಹೊರಗ ಹೋಗು" ಎಂದರು ಗಲಗಲಿ ಸರ್. ಒದ್ದೆ ಬಟ್ಟೆ ಮಡಿಸಿ ತಟ್ಟೆಯ ಒಂದು ಅಂಚಿನ ಕೆಳಗಿಟ್ಟೆ. ಕಾದೆ. ಆ ಹೆಂಗಸು ಮುಖವನ್ನು ಕ್ಯಾಮೆರಾಕ್ಕೆ ಹತ್ತಿರ ತಂದರು. ಅಂಚು ಎದ್ದಿತು, ತಟ್ಟೆ ಓರೆ ಮಾಡಿದೆ, ಪದರ ಇಡಿಯಾಗಿ ಜಾಳಿಗೆಯ ಮೇಲೆ ಬಂದು ಕೂತಿತು.

ಗೋಡೆಯ ಚೌಕದಲ್ಲಿ ಅಕ್ಷರ ಮೂಡಿತು: ಈ ಕೆಲಸದ ಪಾಲುದಾರರು, ಯಾರೂ ಇಲ್ಲ.

ಯಂತ್ರ ಅದನ್ನು ಗಟ್ಟಿಯಾಗಿ ಓದಿಯೂ ಹೇಳಿತು. ಎಲ್ಲರೂ ನನ್ನ ಕೈ ನೋಡುತ್ತಿದ್ದರು, ಕೈಯಲ್ಲಿ ಚರ್ಮ ಇತ್ತು. ಹನ್ನೊಂದು ವರ್ಷ ನಾನು ಯಾರಾಗಿದ್ದೆ ಎಂದು ಆ ಯಂತ್ರ ಒಂದೇ ಮಾತಿನಲ್ಲಿ ಹೇಳಿತ್ತು.

"ನಾ ಅದೀನ್ರಿ," ಎಂದೆ. "ಗಿರಿಜಾ ಸುಣಗಾರ. ಇನ್ನೂರೂ ನಾನ ಎತ್ತೀನಿ. ಒದ್ದಿ ಅರಿಬಿ ಇಟ್ಟು, ಒಂದು ಅಂಚಿನಿಂದ ಎತ್ತಬೇಕು. ಈ ಲೇಖನದಾಗ ಅದನ್ನ ಬರದಿಲ್ಲ. ಬರೀಲಿಲ್ಲ ಅಂದ್ರ ಎಲ್ಲಾರದೂ ಹರೀತೈತಿ."

ತಬಸ್ಸುಮ್ ನನ್ನ ಪಕ್ಕ ಬಂದು ನಿಂತಳು. ಗೋಡೆಯ ಕಡೆ ಮುಖ ಮಾಡಿ ಹೇಳಿದಳು. "ನಾನು ಈ ಲೇಖನದ ಪಾಲುದಾರಳು. ನಾಡಿ ಕಡತ ತೆಗೀರಿ ಅಂತ ಕೇಳ್ತೀನಿ. ಮೊದಲ ನಂದ ತೆಗೀರಿ."

ತೆಗೆದರು. ಹೋಲಿಸಲು ಖಾಲಿ ಪಟ್ಟಿಯೊಂದರಲ್ಲಿ ನನ್ನ ನಾಡಿಯನ್ನೂ ತೆಗೆದುಕೊಂಡರು. ಒಂದು ಕಡತ ಇನ್ನೊಂದನ್ನು ಎಳೆಯಿತು, ಹಳೆಯ ಲೇಖನಗಳೂ ಬಂದವು. ಸಂಜೆಯ ಹೊತ್ತಿಗೆ ಲೆಕ್ಕ ಮುಗಿಯಿತು: ಹನ್ನೊಂದು ವರ್ಷ, ಮೂವತ್ತೊಂಬತ್ತು ಹೆಸರು, ಒಂದೇ ನಾಡಿ. ಗಲಗಲಿ ಸರ್ ಪಟ್ಟಿಯಲ್ಲಿ ಅವರ ಸ್ವಂತ ನಾಡಿ ಸಿಕ್ಕಿದ್ದು ಸಭೆಗಳ ದಿನ ಮಾತ್ರ.

ಇಲ್ಲಿಗೆ ಸುಖವಾಗಿ ಮುಗಿಯಿತು ಎಂದುಕೊಂಡರೆ ನಿಮಗೆ ಕಚೇರಿಗಳು ಗೊತ್ತಿಲ್ಲ. ನಾಲ್ಕ‌ನೆಯ ದಿನ ನೋಟಿಸು ಬಂತು, ಬೇರೆಯವರ ಪಟ್ಟಿ ಧರಿಸಿ ವಂಚಿಸಿದ ಆರೋಪ. ಮೇಲೆ 'ಸಹಾಯಕ ಸಿಬ್ಬಂದಿ, ಸಂಖ್ಯೆ ೧೪' ಎಂದಿತ್ತು. ವಾಪಸು ತೆಗೆದುಕೊಂಡು ಹೋಗಿ ಆಡಳಿತಾಧಿಕಾರಿಯ ಮೇಜಿನ ಮೇಲಿಟ್ಟೆ.

"ತಪ್ಪು ಮಾಡೀನ್ರಿ, ಶಿಕ್ಷಾ ಕೊಡ್ರಿ. ಆದ್ರ ಶಿಕ್ಷಾದ ಕಾಗದದಾಗಾದ್ರೂ ನನ್ನ ಹೆಸರು ಬರೀರಿ. ಹದಿನಾಲ್ಕು ಅನ್ನೂ ಹೆಸರಿನಾಕಿ ನಮ್ಮನ್ಯಾಗ ಯಾರೂ ಇಲ್ಲ."

ಹೆಸರು ಬರೆದು ಕೊಟ್ಟರು. ಎರಡು ತಿಂಗಳು ಕೆಲಸದಿಂದ ಹೊರಗಿಟ್ಟರು. ಪಟ್ಟಿ ಕೊಟ್ಟವರಿಗೆ ಎಚ್ಚರಿಕೆ ಪತ್ರ. ನಿರ್ದೇಶಕರ ಕುರ್ಚಿ ಅಲುಗಾಡಿತು, ಬೀಳಲಿಲ್ಲ. ಅಂಥ ಕುರ್ಚಿಗಳು ಬೀಳುವುದು ಕಡಿಮೆ.

ಆ ಎರಡು ತಿಂಗಳಲ್ಲೇ ಪತ್ರಿಕೆಯವರು ನಾಡಿಯ ಪ್ರಕಾರ ಹೊಸ ಪಾಲು ಕಳಿಸಿದರು. ನನಗೆ 89.60. ತಬಸ್ಸುಮ್‌ಗೆ 4.10. ಮೊದಲ ಪಾಲುದಾರಳಾದ ನಾನು ಹೆಬ್ಬೆಟ್ಟು ಒತ್ತಿದರೆ ಅಚ್ಚು.

ಯಜಮಾನರು ಆ ಅಂಕಿಯನ್ನು ಎರಡು ಸಲ ಓದಿ, ಬೀದಿಯವರಿಗೆಲ್ಲ ಹೇಳಿ ಬಂದರು. ನಾನು ಮಾತ್ರ ಅದನ್ನು ನೋಡುತ್ತ ಕೂತೆ. ನನ್ನದನ್ನು ಮರಳಿ ಕೊಡುವ ಭರದಲ್ಲಿ ಯಂತ್ರ ಆ ಹುಡುಗಿಯದನ್ನು ಕಸಿದಿತ್ತು. ತೊಟ್ಟಿಯ ಹತ್ತಿರ ಕೇಳಿದ 'ಯಾಕ' ಸಭೆಯ ಮಾತಲ್ಲ, ಅದಕ್ಕೆ ಅಂಕಿ ಇಲ್ಲ. ಸೂಕ್ಷ್ಮದರ್ಶಕದ ಮುಂದೆ ಅಲುಗಾಡದೆ ಕೂತರೆ ಕೈ ಚಲಿಸುವುದಿಲ್ಲ, ಅದಕ್ಕೂ ಅಂಕಿ ಇಲ್ಲ. ಅವಳ ಡಿಗ್ರಿ ಹೋಗುತ್ತಿತ್ತು.

ಅವಳನ್ನು ಮನೆಗೆ ಕರೆದೆ. ಅಡುಗೆಮನೆಯ ನೆಲದ ಮೇಲೆ ಕೂತು ಇಬ್ಬರೂ ಬರೆದೆವು, ಅಂಕಿ ಇಲ್ಲದೆ, ಮಾತಿನಲ್ಲಿ. ಪದರವನ್ನು ಒದ್ದೆ ಬಟ್ಟೆಯಿಂದ, ಅಂಚಿನಿಂದ ಎತ್ತುವ ರೀತಿ ಕಂಡುಕೊಂಡು ಇನ್ನೂರೂ ಎತ್ತಿದ್ದು ಗಿರಿಜಾ ಸುಣಗಾರ. ಅದು ಏಕೆ ಏಳುತ್ತದೆ ಎಂದು ಕೇಳಿ, ಅಳೆದು, ಬೇರೆಯವರಿಗೂ ಬರುವಂತೆ ಮಾಡಿದ್ದು ತಬಸ್ಸುಮ್ ನದಾಫ್. ಒಬ್ಬರಿಲ್ಲದೆ ಇನ್ನೊಬ್ಬರದಿಲ್ಲ.

"ಗಲಗಲಿ ಸರ್‌ದು?" ಎಂದಳು ತಬಸ್ಸುಮ್.

"ಬರಿ. ಕೋಣೆ ಕಟ್ಟಿಸಿದ್ದು ಅವರು, ಪೆಟಿಗಿ ತರಿಸಿದ್ದು ಅವರು. ಒದ್ದಿ ಅರಿಬಿ ಅನ್ನೂ ಮಾತು ಹೊಡದಿದ್ದೂ ಅವರು. ಮೂರೂ ಬರಿ. ಯಾರ ಕೆಲಸಾನೂ ಬಿಡಬಾರದು."

ಅವಳು ನಕ್ಕು ಬರೆದಳು. ಕೊನೆಯ ಸಾಲು ನಾನೇ ಬರೆದೆ: ಅಂಚಿನಿಂದ ಎತ್ತುವುದನ್ನು ಕಲಿಸಿದವರು ನಿಂಗವ್ವ ಸುಣಗಾರ.

"ನನ್ನದ್ಯಾಕ?" ಎಂದರು ಅತ್ತೆ, ಹಿಟ್ಟು ನಾದುತ್ತ. "ರೊಟ್ಟಿ ಊರ ಮಂದೆಲ್ಲಾ ಎತ್ತತಾರ."

"ಎತ್ತತಾರ್ರಿ. ನನಗ ಕಲಿಸಿದಾಕಿ ನೀವು."

ಅತ್ತೆ ಇನ್ನೊಂದು ಹಿಡಿ ಹಿಟ್ಟು ಹಾಕಿಕೊಂಡರು. ಆ ದಿನ ತಬಸ್ಸುಮ್‌ಗೆ ಎರಡು ರೊಟ್ಟಿ ಹೆಚ್ಚು ಬಿದ್ದವು.

ಪತ್ರಿಕೆಯವರು ಮೊದಲು ಒಪ್ಪಲಿಲ್ಲ. ನಮ್ಮಲ್ಲಿ ಪಾಲಿಗೆ ಅಂಕಿ ಮಾತ್ರ, ಮಾತಿಗೆ ಜಾಗವಿಲ್ಲ ಎಂದು ಬರೆದರು. ಹಾಗಾದರೆ ನನ್ನ ಹೆಬ್ಬೆಟ್ಟೂ ಇಲ್ಲ ಎಂದು ಬರೆದೆ. ಒಂಬತ್ತು ವಾರ ಎಳೆದಾಡಿದರು. ಲೇಖನದ ಸುದ್ದಿ ಕೇಳಿ ಬೇರೆ ದೇಶಗಳ ಎರಡು ಪ್ರಯೋಗಾಲಯಗಳು ಪ್ರಯತ್ನಿಸಿ, ಹರಿದುಕೊಂಡು, ಹೇಗೆಂದು ಕೇಳಿದವು. ಕೈಸಾಕ್ಷಿಯ ದಿನದ ಬಿಳಿ ಕೂದಲಿನ ಹೆಂಗಸು ಅವರಿಗೆ ನನ್ನ ಹೆಸರು ಕೊಟ್ಟು, ಪತ್ರಿಕೆಗೂ ಒಂದು ಖಾರದ ಪತ್ರ ಬರೆದರು ಎಂದು ಆಮೇಲೆ ತಿಳಿಯಿತು. ಕೊನೆಗೆ ನಮ್ಮ ಪುಟ ಬರೆದ ಹಾಗೆಯೇ ಅಚ್ಚಾಯಿತು, ಅಂಕಿಗಳ ಜಾಗ ಖಾಲಿ ಬಿಟ್ಟು. ಡಿಗ್ರಿ ಕೊಡುವ ವಿಶ್ವವಿದ್ಯಾಲಯದವರು ಆ ಖಾಲಿ ಜಾಗವನ್ನು ಏನು ಮಾಡಬೇಕೆಂದು ತಿಳಿಯದೆ ಒಂದು ವರ್ಷ ಸಭೆ ಮಾಡಿದರು. ತಬಸ್ಸುಮ್ ಕಾದಳು, ಒಂದು ದಿನವೂ ನನ್ನ ಮುಂದೆ ಗೊಣಗಲಿಲ್ಲ. ಡಿಗ್ರಿ ಬಂತು.

ಈಗ ನಾನು ಬೇರೆ ಬೇರೆ ಆಸ್ಪತ್ರೆಗಳಿಂದ ಬರುವವರಿಗೆ ಪದರ ಎತ್ತುವುದನ್ನು ಕಲಿಸುತ್ತೇನೆ. ಮೊದಲ ದಿನ ಅವರವರ ಗಾಜನ್ನು ಅವರವರೇ ತೊಳೆಯಬೇಕು. ನನಗೂ ಒಂದು ಪಟ್ಟಿ ಕೊಟ್ಟಿದ್ದಾರೆ, ಹಿಂದೆ ನನ್ನ ಹೆಸರಿದೆ. ಅದರ ಅಂಕಿಯನ್ನು ನಾನು ನಂಬುವುದಿಲ್ಲ, ಆದರೆ ಬಾಗಿಲು ತೆರೆಯುತ್ತದೆ.

ಮೊನ್ನೆ ಗಲಗಲಿ ಸರ್ ಒಳಗೆ ಬಂದರು. "ಗಿರಿಜಾ ಅವರ," ಎಂದರು. ಹನ್ನೆರಡು ವರ್ಷದಲ್ಲಿ ಆ 'ಅವರ' ಮೊದಲ ಸಲ. "ನಾಳೆ ದಿಲ್ಲಿಗೆ ಹೊಂಟೀನಿ." ಪಟ್ಟಿ ಬಿಚ್ಚಿ ಟ್ರೇಯಲ್ಲಿಟ್ಟರು. ಇನ್ನೇನೂ ಹೇಳಲಿಲ್ಲ. ಹೇಳುವ ಅಗತ್ಯ ಇಷ್ಟು ವರ್ಷ ಇರಲಿಲ್ಲ.

"ಹೋಗಿ ಬರ್ರಿ ಸರ್," ಎಂದೆ.

ಸಂಜೆ ಎಲ್ಲರೂ ಹೋದ ಮೇಲೆ ಟ್ರೇ ನೋಡಿದೆ. ಉಳಿದವರು ತಮ್ಮ ತಮ್ಮದನ್ನು ಚಾರ್ಜಿಗೆ ಹಾಕಿ ಹೋಗಿದ್ದರು. ಅವರದೊಂದು ಮಾತ್ರ ಸಣ್ಣ ಕೆಂಪು ದೀಪ ಮಿನುಗಿಸುತ್ತ, ಹಸಿದಿದ್ದೇನೆ ಎನ್ನುತ್ತಿತ್ತು. ನಾನು ನನ್ನ ಪಟ್ಟಿ ಬಿಚ್ಚಿ ಚಾರ್ಜಿಗೆ ಹಾಕಿದೆ, ಒದ್ದೆ ಬಟ್ಟೆ ಹಿಂಡಿ ಹರವಿದೆ, ದೀಪ ಆರಿಸಿ ಮನೆಗೆ ಹೋದೆ.